ಐವತ್ತನೆಯ ದಿನ

ಬೆಳಗಿನ ಹನ್ನೊಂದಕ್ಕೆ ಏಳು ನಿಮಿಷ ಇರುವಾಗ ಗಂಗಾವತಿಯಿಂದ ಕೊಪ್ಪಳಕ್ಕೆ ಒಂದು ಕೂಡಿಸುವ ಚಿಹ್ನೆ ಬಂತು. ಅಷ್ಟೇ. ಕಂಪ್ಯೂಟರ್ ಪರದೆಯ ಎಡತುದಿಯಲ್ಲಿ ಒಂದು ಸಣ್ಣ ಪ್ಲಸ್ಸು. ಮಾಂತೇಶ ಕುರ್ಚಿಯಿಂದ ಎದ್ದ, ಕೂತ, ಮತ್ತೆ ಎದ್ದ. ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ; ಇದ್ದಿದ್ದರೂ ಒಂದು ಪ್ಲಸ್ಸಿಗೆ ಈ ಮನುಷ್ಯ ಇಷ್ಟೇಕೆ ಕುಣಿಯುತ್ತಾನೆ ಎಂದು ಯಾರಿಗೆ ತಿಳಿಯಬೇಕು? ಅಲ್ಲಿ, ಅಯ್ಯನಗೌಡರ ರೈಸ್ ಮಿಲ್ಲಿನ ಗೋಡೆಗೆ ತಗುಲಿಹಾಕಿದ ಕಬ್ಬಿಣದ ಡಬ್ಬಿಯೊಳಗೆ, ಅವನು ಹನ್ನೊಂದು ವರ್ಷ ಕೂತು ಒಂದೊಂದು ಸಾಲಾಗಿ ಕೈಯಾರೆ ಬರೆದ ಆಪರೇಟಿಂಗ್ ಸಿಸ್ಟಮ್ ಓಡುತ್ತಿತ್ತು. ಭತ್ತ ಬೇಯಿಸುವ ಟ್ಯಾಂಕಿಗೆ ಸ್ಟೀಮ್ ಬಿಡುವುದು, ಹನ್ನೆರಡು ನಿಮಿಷಕ್ಕೆ ಸರಿಯಾಗಿ ನಿಲ್ಲಿಸುವುದು, ಕೆಂಪು ದೀಪ ಆರಿಸಿ ಹಸಿರು ಹಚ್ಚುವುದು ಅದರ ಕೆಲಸ. ಇಷ್ಟು ದಿನ ಅದಕ್ಕೇನಾದರೂ ಆದರೆ ಬಸ್ಸು ಹತ್ತಿ ಗಂಗಾವತಿಗೆ ಹೋಗಿ, ಹೊಟ್ಟಿನ ಧೂಳಲ್ಲಿ ನಿಂತು, ಏನಾಗಿರಬಹುದು ಎಂದು ಊಹಿಸಬೇಕಿತ್ತು. ಈಗ ನಾಲ್ಕು ತಿಂಗಳಿಂದ ಅದಕ್ಕೆ ರಿಮೋಟ್ ಡಿಬಗರ್ ಸೇರಿಸುತ್ತಿದ್ದ. ಅಂದರೆ ಡಬ್ಬಿಯೊಳಗೆ ತನ್ನವನೇ ಆದ ಒಬ್ಬ ಪುಟ್ಟ ಗುಮಾಸ್ತನನ್ನು ಕೂರಿಸುವುದು. ಇಲ್ಲಿಂದ ಇವನು ‘ನಿಲ್ಲು’ ಎಂದರೆ ಅಲ್ಲಿ ಯಂತ್ರ ನಡೆಯುತ್ತಿದ್ದ ಹೆಜ್ಜೆಯಲ್ಲೇ ನಿಲ್ಲಬೇಕು; ‘ನಿನ್ನ ಹೊಟ್ಟೆಯಲ್ಲಿ ಇಂಥ ಕಡೆ ಏನಿದೆ’ ಎಂದರೆ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಬೇಕು. ಕೇಳಿದ ಮಾತು ಸರಿಯಾಗಿ ಮುಟ್ಟಿದರೆ ಗುಮಾಸ್ತ ಒಂದು ಪ್ಲಸ್ಸು ಕಳಿಸುತ್ತಾನೆ. ನಾಲ್ಕು ತಿಂಗಳು ಬರದಿದ್ದದ್ದು ಇವತ್ತು ಬಂತು.

ಕೊಪ್ಪಳದಲ್ಲಿ ಅವನನ್ನು ಬಲ್ಲವರು ಕಡಿಮೆ, ಬಲ್ಲವರಿಗೂ ಅವನು ರೂಪಾ ಟೀಚರ್ ಗಂಡ. ಹಾಲಿನವನೂ ಹಾಗೇ ಕರೆಯುತ್ತಿದ್ದ. ಪಾಲಿಟೆಕ್ನಿಕ್ಕಿನಲ್ಲಿ ಆರು ವರ್ಷ ಅತಿಥಿ ಉಪನ್ಯಾಸಕನಾಗಿದ್ದ, ಅತಿಥಿ ಎಂದರೆ ಎಂದೋ ಒಂದು ದಿನ ಹೊರಡಬೇಕಾದವನು ಎಂಬುದು ಅವನಿಗೆ ಹೊರಟ ದಿನ ಹೊಳೆದಿತ್ತು. ‘ಜಗತ್ತಿನಾಗ ಸಾವಿರ ಸಿಸ್ಟಮ್ ಪುಕ್ಕಟೆ ಸಿಗತಾವ, ನೀ ಯಾಕೋ ಮಾರಾಯ ಹೊಸಾದು ಮಾಡಾಕತ್ತಿ’ ಎಂದು ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೇಳಿದ್ದರು. ಕ್ಲರ್ಕು ಸಹ ನಕ್ಕಿದ್ದ. ಅದರಲ್ಲಿ ಇನ್ನೊಬ್ಬರು ಬರೆದ ಒಂದು ಅಕ್ಷರವೂ ಇಲ್ಲ, ಅದರ ಮೂಲೆಮೂಲೆ ನನಗೆ ಗೊತ್ತು, ಜೀವನದಲ್ಲಿ ಪೂರ್ತಿ ನನಗೆ ಗೊತ್ತಿರುವುದು ಅದೊಂದೇ ಎಂದು ಹೇಳಿಕೊಳ್ಳುವುದು ಹೇಗೆ? ಗಂಗಾವತಿಯ ಅಯ್ಯನಗೌಡರು ಒಬ್ಬರೇ ಕೇಳಿ ನಗಲಿಲ್ಲ. ‘ನಮ್ಮ ಮಿಲ್ಲಿನ್ಯಾಗ ಕುಂದರ್ಸಿ ನೋಡ್ರಿ’ ಎಂದರು. ಆಮೇಲೆ ಇನ್ನೂ ಹತ್ತು ಮಿಲ್ಲಿನವರು ಕೇಳತೊಡಗಿದ್ದರು. ಡಿಸೆಂಬರಿನಲ್ಲಿ ಆ ಅಪಘಾತವೊಂದು ಆಗದೇ ಹೋಗಿದ್ದರೆ ಇಷ್ಟರಲ್ಲಿ ಕೂರಿಸಿಯೂ ಆಗಿರುತ್ತಿತ್ತು. ಅದನ್ನು ನೆನೆದರೆ ಮಾಂತೇಶನಿಗೆ ಮೊದಲು ಬರುತ್ತಿದ್ದುದು ಕನಿಕರವಲ್ಲ, ಸಿಟ್ಟು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮರಳಿ ಊರಿನ ವಿರುಪಣ್ಣ ಡಬ್ಬಿಯ ಮಾತು ಮೀರಿ, ಕೆಂಪು ದೀಪ ಇರುವಾಗಲೇ ಏಣಿ ಹತ್ತಿ, ಕೈಯಿಂದ ತಿರುಗಿಸುವ ಸ್ಟೀಮ್ ವಾಲ್ವಿಗೆ ಕೈ ಹಾಕಿದ್ದ. ಅದರ ಬುಡದಲ್ಲಿ ಸ್ಟೀಮ್ ನುಗ್ಗಿ ಬಲಗೈ ಬೆಂದುಹೋಗಿತ್ತು. ಮರುದಿನ ಮಾಂತೇಶ ಹೋಗಿ ಹತ್ತು ಸಲ ಪರೀಕ್ಷಿಸಿದ, ಹತ್ತು ಸಲವೂ ಹನ್ನೆರಡು ನಿಮಿಷಕ್ಕೆ ದೀಪ ಹಸಿರಾಯಿತು. ‘ಯಂತ್ರದಲ್ಲಿ ದೋಷವಿಲ್ಲ, ಆಪರೇಟರ್ ನಿಯಮ ಮೀರಿ ಕೈ ವಾಲ್ವನ್ನು ಮುಟ್ಟಿದ್ದಾನೆ’ ಎಂದು ಬರೆದು ಸಹಿ ಹಾಕಿ ಕೊಟ್ಟ. ಹದಿನೆಂಟು ವರ್ಷ ಬಾಯ್ಲರ್ ಮುಂದೆ ನಿಂತ ಮನುಷ್ಯನನ್ನು ಆಮೇಲೆ ಗಂಗಾವತಿಯ ಯಾವ ಮಿಲ್ಲಿನವರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಆ ಕಾಗದದ ಮೇಲೆ ಇವತ್ತು ಮೂರು ಗಂಟೆಗೆ ಕೊಪ್ಪಳದಲ್ಲೇ ಕಾರ್ಮಿಕ ಅಧಿಕಾರಿಗಳ ಮುಂದೆ ವಿಚಾರಣೆ ಇತ್ತು.

ಮೂರಕ್ಕೆ ಇನ್ನೂ ಹೊತ್ತಿದೆ. ಮಿಲ್ಲಿನ ಲೆಕ್ಕ ಬರೆಯುವ ಅಸ್ಲಮನಿಗೆ ಫೋನು ಮಾಡಿ ಬಾಯ್ಲರ್ ತಣ್ಣಗಿದೆಯೇ ಎಂದು ಕೇಳಿದ. ‘ತಣ್ಣಗೈತ್ರಿ ಸರ, ಮಂದಿ ಎಲ್ಲಾ ಚಾಕ್ಕ ಹೋಗ್ಯಾರ’ ಎಂದ ಅಸ್ಲಮ. ಮಾಂತೇಶ ‘ನಿಲ್ಲು’ ಎಂದು ಕಳಿಸಿದ. ಯಂತ್ರ ನಿಂತಿತು. ಆ ಒಂದು ಕ್ಷಣ ಅವನಿಗಾದ ಸುಖವನ್ನು ಹೇಳಿದರೆ ನಾಚಿಕೆಯಾಗಬೇಕು. ಹೆಂಡತಿ ಮೊದಲ ಸಲ ಏಕವಚನದಲ್ಲಿ ಕರೆದಾಗಲೂ ಅವನಿಗೆ ಅಷ್ಟು ಖುಷಿಯಾಗಿರಲಿಲ್ಲ. ಡಬ್ಬಿಯೊಳಗಿನ ಗುಮಾಸ್ತ ನಿಜ ಹೇಳುತ್ತಾನೋ ಇಲ್ಲವೋ ನೋಡೋಣವೆಂದು ತನಗೆ ಚೆನ್ನಾಗಿ ಗೊತ್ತಿದ್ದ ಜಾಗವನ್ನೇ ಕೇಳಿದ. ಡಬ್ಬಿ ಚಾಲೂ ಆದ ಕ್ಷಣದಿಂದ ಒಂದು ಎಣಿಕೆ ಶುರುವಾಗುತ್ತದೆ, ಸೆಕೆಂಡಿಗೆ ಸಾವಿರದಂತೆ. ಯಂತ್ರಕ್ಕೆ ಹೊತ್ತು ತಿಳಿಯುವುದೇ ಆ ಎಣಿಕೆಯಿಂದ. ನೂರ ನಲವತ್ತನಾಲ್ಕು ಕೋಟಿ ಚಿಲ್ಲರೆ ಎಂದು ಬಂತು. ಸರಿಯಿದೆಯೇ? ಬೆರಳು ಮಡಚಿದ. ದಿನಕ್ಕೆ ಎಂಟೂವರೆ ಕೋಟಿಗಿಂತ ತುಸು ಹೆಚ್ಚು, ಹದಿನೇಳು ದಿನ. ಹದಿನೇಳು ದಿನದ ಹಿಂದೆ ಏನಿತ್ತು? ಅಮವಾಸ್ಯೆ. ಪ್ರತಿ ಅಮವಾಸ್ಯೆಗೆ ಮಿಲ್ಲು ಬಂದ್. ಎಲ್ಲ ಯಂತ್ರ ಆರಿಸಿ, ಒರೆಸಿ, ವಿಭೂತಿ ಹಚ್ಚಿ, ಕಾಯಿ ಒಡೆದು, ಸಂಜೆಗೆ ಮತ್ತೆ ಸ್ವಿಚ್ ಹಾಕುತ್ತಾರೆ. ಕರೆಂಟು ಹೋದರೂ ಡಬ್ಬಿ ಆರಬಾರದೆಂದು ಇವನು ಕೂರಿಸಿದ್ದ ಬ್ಯಾಟರಿಯ ವೈರನ್ನೂ ಅವತ್ತು ಕಿತ್ತು, ಅದಕ್ಕೊಂದು ಬೊಟ್ಟು ಇಡುತ್ತಾರೆ. ಲೆಕ್ಕ ಸರಿಯಾಯಿತು, ‘ನಡೆ’ ಎಂದು ಯಂತ್ರವನ್ನು ಬಿಟ್ಟ. ನಗು ಬಂತು. ನಗುತ್ತಲೇ ಆ ಎಣಿಕೆಗೆ ತಾನು ಕೊಟ್ಟ ಜಾಗ ಎಷ್ಟೆಂದು ನೆನಪಾಯಿತು. ನಾನೂರ ಇಪ್ಪತ್ತೊಂಬತ್ತು ಕೋಟಿ ದಾಟಿದರೆ ಅದು ಮತ್ತೆ ಸೊನ್ನೆಗೆ ಬರುತ್ತದೆ. ಅಂದರೆ ಐವತ್ತನೆಯ ದಿನ. ಅಮವಾಸ್ಯೆಯಿಂದ ಅಮವಾಸ್ಯೆಗೆ ಇಪ್ಪತ್ತೊಂಬತ್ತು, ಮೂವತ್ತು. ಎಣಿಕೆ ಐವತ್ತರ ಹತ್ತಿರ ಯಾವತ್ತೂ ಹೋಗುವುದೇ ಇಲ್ಲ, ಎಂದುಕೊಂಡ. ನಗು ಅಲ್ಲಿಗೇ ನಿಂತಿತು.

‘ಛಟ್ಟಿ ಅಮಾಸಿಗೆ ಬಂದ್ ಮಾಡ್ಲಿಲ್ರಿ ಸರ, ಮಶೀನಿಗೆ ಉಸುರು ಸಿಗ್ಲಿಲ್ಲ. ಅದಕ್ಕ ಹಿಂಗಾತು.’ ಬ್ಯಾಂಡೇಜಿನ ಕೈಯನ್ನು ಮೊಲೆಗೂಸಿನಂತೆ ಎದೆಗವಚಿಕೊಂಡು ವಿರುಪಣ್ಣ ಆಸ್ಪತ್ರೆಯ ಮಂಚದ ಮೇಲೆ ಹೇಳಿದ್ದು ಇಷ್ಟು. ದೀಪಾವಳಿ ಅಮವಾಸ್ಯೆಗೆ ಮಿಲ್ಲು ನಿಂತಿತ್ತು. ಅದರ ಮುಂದಿನದಕ್ಕೆ, ಅಂದರೆ ಛಟ್ಟಿಗೆ, ಸುಗ್ಗಿಯ ಭತ್ತ ಲಾರಿಲಾರಿ ಬಂದು ರಸ್ತೆಯವರೆಗೆ ನಿಂತಿದ್ದರಿಂದ ಗೌಡರು ‘ಈ ಸಲ ಬ್ಯಾಡ, ನಡೀಲಿ’ ಎಂದಿದ್ದರು. ದೀಪಾವಳಿಯಿಂದ ಅಪಘಾತದ ದಿನದವರೆಗೆ ಮಾಂತೇಶ ಗೋಡೆಯಲ್ಲಿ ಇನ್ನೂ ತೂಗುತ್ತಿದ್ದ ಹೋದ ವರ್ಷದ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದ. ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಎಣಿಸಿದ. ಐವತ್ತು. ಅವತ್ತು ಆಸ್ಪತ್ರೆಯಲ್ಲಿ ಅವನು ಏನು ಮಾಡಿದ್ದ? ನಕ್ಕಿದ್ದ. ಸುಮ್ಮನೆ ನಕ್ಕಿದ್ದರೆ ಆಗಿಹೋಗುತ್ತಿತ್ತು. ನರ್ಸಿನ ಕಡೆ, ಅಸ್ಲಮನ ಕಡೆ ತಿರುಗಿ, ‘ಕೇಳಿದ್ರೇನ್ರಿ, ಮಶೀನಿಗೆ ಉಸುರು ಬೇಕಂತ’ ಎಂದು ಅವರೂ ನಗುವವರೆಗೆ ಬಿಟ್ಟಿರಲಿಲ್ಲ. ಪ್ರಿನ್ಸಿಪಾಲರು ತನಗೆ ಮಾಡಿದ್ದನ್ನು ಇನ್ನೊಬ್ಬರಿಗೆ ಮಾಡಲು ಅವನ ಕೈಗೆ ಸಿಕ್ಕ ಮೊದಲ ಮನುಷ್ಯ ಆತ. ವಿರುಪಣ್ಣನೂ ಪಾಪ ನಕ್ಕಿದ್ದ, ನೋವಿನಲ್ಲೇ, ದೊಡ್ಡವರೆಲ್ಲ ನಗುವಾಗ ತಾನೊಬ್ಬ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು.

ಇಷ್ಟಾದರೂ ಮನುಷ್ಯನ ಮನಸ್ಸು ನೋಡಿ, ಒಂದು ಸಂದಿ ಹುಡುಕಿತು. ಇರಲಿಕ್ಕಿಲ್ಲ, ಪರೀಕ್ಷೆ ಮಾಡದೆ ಹೇಳಬಾರದು. ಮೇಜಿನ ಮೇಲೆ ಅದೇ ತರಹದ ಇನ್ನೊಂದು ಡಬ್ಬಿ ಇತ್ತು, ಕೆಂಪು ಹಸಿರು ಎರಡು ಪುಟ್ಟ ದೀಪ ಬೆಸೆದದ್ದು. ಹೊಸ ಡಿಬಗರಿನಿಂದಲೇ ಅದನ್ನು ನಿಲ್ಲಿಸಿ, ಎಣಿಕೆಯನ್ನು ತುದಿಗೆ ಐದು ನಿಮಿಷ ಬಾಕಿ ಇರುವಷ್ಟಕ್ಕೆ ತಿದ್ದಿ, ಸ್ಟೀಮ್ ಶುರುಮಾಡು ಎಂದು ಬಿಟ್ಟ. ಕೆಂಪು ದೀಪ ಹತ್ತಿತು. ಹನ್ನೆರಡು ನಿಮಿಷ ಆ ದೀಪದ ಮುಂದೆ ಕೂತ. ಹದಿಮೂರು ಆಯಿತು, ಹದಿನೈದು ಆಯಿತು. ಇಪ್ಪತ್ತನೇ ನಿಮಿಷಕ್ಕೂ ಕೆಂಪೇ. ಒಂದೊಂದೇ ಹೆಜ್ಜೆ ನಡೆಸಿ ನೋಡಿದ. ಹೊತ್ತು ಮುಗಿಯಿತೇ ಎಂದು ಕೇಳುವ ಸಾಲು ಬಂದಾಗಲೆಲ್ಲ ಯಂತ್ರ ಸೊನ್ನೆಯಿಂದ ಹೊಸದಾಗಿ ಹೊರಟ ಎಣಿಕೆಯನ್ನು ಹಳೆಯ ದೊಡ್ಡ ಗಡುವಿನ ಪಕ್ಕ ಇಟ್ಟು, ಇನ್ನೂ ಇಲ್ಲ, ಇನ್ನೂ ಇಲ್ಲ ಎನ್ನುತ್ತಿತ್ತು. ಗಡುವು ಎಣಿಕೆಯ ತುದಿಯಾಚೆ ಬಿದ್ದಿತ್ತು; ಹೀಗೇ ಬಿಟ್ಟರೆ ಅದು ಯಾವತ್ತಿಗೂ ಇನ್ನೂ ಇಲ್ಲ ಎನ್ನುತ್ತದೆ. ಅಪಘಾತದ ಮರುದಿನದ ಹತ್ತು ಪರೀಕ್ಷೆಯಲ್ಲಿ ಎಣಿಕೆ ತುದಿಯ ಹತ್ತಿರವೇ ಇರಲಿಲ್ಲ. ಅಲ್ಲಿ ಮಿಲ್ಲಿನಲ್ಲಿ ಮುಚ್ಚಳ ಬಿಗಿದ ಟ್ಯಾಂಕಿಗೆ ಸ್ಟೀಮ್ ತುಂಬುತ್ತಲೇ ಇತ್ತು, ಕೆಳಗೆ ಏಳು ಜನ ಹೆಂಗಸರು ಭತ್ತ ಎಳೆಯುತ್ತಿದ್ದರು. ವಿರುಪಣ್ಣ ದೀಪ ನೋಡಲಿಲ್ಲ, ಮೂಗಿಗೆ ಬಂದ ವಾಸನೆ ನಂಬಿ ಏಣಿ ಹತ್ತಿದ. ಹತ್ತದಿದ್ದರೆ ಟ್ಯಾಂಕು ಸಿಡಿಯುತ್ತಿತ್ತು. ಇದೆಲ್ಲ ಈಗ ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತು, ಅವನೂ ಚಡ್ಡಿ ಬನಿಯನ್ನಿನಲ್ಲಿ ಕೂತಿದ್ದ.

ರೂಪಾ ಸಾಲೆಯಿಂದ ಊಟದ ಬಿಡುವಿನಲ್ಲಿ ಫೋನು ಮಾಡಿದಳು. ‘ಉಂಡಿ? ನೀಲಿ ಅಂಗಿ ಇಸ್ತ್ರಿ ಮಾಡಿಟ್ಟೀನಿ, ಅದನ್ನ ಹಾಕ್ಕೊಂಡು ಹೋಗು. ಅಧಿಕಾರಿಗಳ ಮುಂದ ಆ ಹರದ ಟೀ ಶರ್ಟಿನ್ಯಾಗ ನಿಂದರಬ್ಯಾಡ.’ ‘ರೂಪಾ, ತಪ್ಪು ನಂದ ಐತಿ’ ಎಂದು ಅವನು ಹೇಳಲು ಬಾಯಿ ತೆರೆದ. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. ಅವಳು ಯಾರಿಗೋ ‘ಈಕಿ ತಾಟಿಗೆ ಸಾರು ಹಾಕ್ರಿ’ ಎಂದಳು. ‘ಏನಂದಿ?’ ‘ಏನಿಲ್ಲ. ಡಿಬಗರು ಓಡಿತು.’ ‘ಹೌದಾ? ಛಲೋ ಆತು ನೋಡು’ ಎಂದಳು, ನಿಜವಾಗಿ ಸಂತೋಷದಿಂದಲೇ, ಅದು ಏನೆಂದು ತಿಳಿಯದೆ. ಫೋನಿಟ್ಟ ಮೇಲೆ ಅವನು ಆ ಸಾಲನ್ನು ತಿದ್ದಿದ. ಒಂದೇ ಸಾಲು. ಎರಡು ಎಣಿಕೆಗಳಲ್ಲಿ ಯಾವುದು ದೊಡ್ಡದು ಎಂದು ಕೇಳುವ ಬದಲು, ಶುರುವಾದಾಗಿನಿಂದ ಎಷ್ಟು ಕಳೆಯಿತು ಎಂದು ಕೇಳಬೇಕಿತ್ತು, ಮೊದಲ ವರ್ಷದ ಹುಡುಗರಿಗೆ ಹಲಗೆಯ ಮೇಲೆ ತಾನೇ ಬರೆದು ತೋರಿಸಿದ್ದ ಸಂಗತಿ. ತಿದ್ದಿದ್ದನ್ನು ಗಂಗಾವತಿಗೆ ಕಳಿಸಿದ. ಪ್ಲಸ್ಸು ಬಂತು. ಐದು ನಿಮಿಷಕ್ಕೆ ಅಸ್ಲಮ ಫೋನು ಮಾಡಿ, ‘ಡಬ್ಬಿ ಒಮ್ಮೆ ಕಣ್ಣ ಮುಚ್ಚಿ ತಗದಂಗಾತಲ್ರಿ ಸರ, ಏನರ ಮಾಡಿದ್ರೇನು?’ ಎಂದು ಕೇಳಿದ. ‘ಏನಿಲ್ಲ, ಸುಮ್ನ ನೋಡಿದೆ’ ಎಂದ ಮಾಂತೇಶ. ಇನ್ನು ಆ ಡಬ್ಬಿಯನ್ನು ಯಾರು ಬಿಚ್ಚಿ ನೋಡಿದರೂ ಅದರಲ್ಲಿ ದೋಷವಿಲ್ಲ. ಅಪಾಯ ತಪ್ಪಿಸಿದೆ, ಮೊದಲು ಮಾಡಬೇಕಾದ್ದು ಅದೇ ತಾನೇ, ಎಂದು ತನಗೆ ತಾನೇ ಹೇಳಿಕೊಂಡ. ಸುಳ್ಳೇನಲ್ಲ. ಆದರೆ ಅಂಗಿ ತೊಡುವಾಗ ಗುಂಡಿ ಒಂದು ಮನೆ ತಪ್ಪಿ ಬಿತ್ತು, ಮತ್ತೆ ಬಿಚ್ಚಿ ಹಾಕಬೇಕಾಯಿತು.

ಕಚೇರಿಯ ಮೊಗಸಾಲೆಯಲ್ಲಿ ಗೌಡರು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. ದೂರದ ಕಂಬದ ಬಳಿ ವಿರುಪಣ್ಣ, ಪಕ್ಕದಲ್ಲಿ ಅವನ ಹೆಂಡತಿ ಅಮರಮ್ಮ ನೀರಿನ ಬಾಟಲಿ ಹಿಡಿದು ನಿಂತಿದ್ದರು. ವಿರುಪಣ್ಣ ಮಾಂತೇಶನನ್ನು ಕಂಡದ್ದೇ ಎಡಗೈಯನ್ನು ಹಣೆಗೆ ಒಯ್ದ. ಬಲಗೈಯನ್ನು ಟವೆಲ್ಲಿನೊಳಗೆ ಬಚ್ಚಿಟ್ಟುಕೊಂಡಿದ್ದ, ನೋಡುವವರಿಗೆ ತ್ರಾಸಾಗಬಾರದು ಎನ್ನುವ ಹಾಗೆ. ಮಾಂತೇಶ ಗೌಡರ ಪಕ್ಕ ಕೂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಸಿಗಲಿಲ್ಲ. ‘ಗೌಡ್ರ, ಒಂದ ಮಾತು. ಛಟ್ಟಿ ಅಮಾಸಿಗೆ ಮಿಲ್ಲ ಬಂದ್ ಮಾಡಿದ್ದಿಲ್ಲಲ್ರಿ, ಅವತ್ತ ಬಂದ್ ಮಾಡಿದ್ರ...’ ಎಂದು ಶುರುಮಾಡಿದ. ಗೌಡರು ಮುಖ ಗಂಟಿಕ್ಕಿ ನೋಡಿದರು. ಆ ಮಾತನ್ನು ಮನೆಯಲ್ಲಿ ಅವರ ತಾಯಿ ದಿನಾ ಎತ್ತಿ ಆಡುತ್ತಿದ್ದರು, ನೀನು ಅಮಾಸಿ ತಪ್ಪಿಸಿದ್ದಕ್ಕೇ ಒಬ್ಬನ ಕೈ ಹೋಯಿತು ಎಂದು. ‘ಏನ್ರೀ ಇಂಜಿನಿಯರ್ರ, ನೀವೂ ಶುರು ಮಾಡಿದ್ರೇನು? ನಮ್ಮವ್ವ ಹೇಳ್ತಾಳಂದ್ರ ವಯಸ್ಸಾದಾಕಿ. ನೀವು ಇಷ್ಟ ಕಲ್ತು ಮಶೀನಿಗೆ ಅಮಾಸಿ ಹತ್ತತೈತಿ ಅಂತೀರಲ್ರಿ!’ ಎಂದು ಹೊಟ್ಟೆ ಕುಣಿಸಿ ನಕ್ಕರು. ಬಾಗಿಲ ಜವಾನನೂ ನಕ್ಕ. ಹಾಗಲ್ಲ ಗೌಡ್ರ, ಎಣಿಕೆ ಸೊನ್ನೆಗೆ ಬರ್ತೈತಿ, ಎಂದು ಹೇಳಬೇಕಿತ್ತು. ಆ ನಗುವಿನ ಕೆಳಗೆ ಕೂತಾಗ ಹೇಗಿರುತ್ತದೆ ಎಂದು ಅವನಿಗೆ ಸ್ಟಾಫ್ ರೂಮಿನಿಂದಲೇ ಗೊತ್ತಿತ್ತು, ಅಲ್ಲಿಯೂ ಅವನು ಹೀಗೇ ಚಪ್ಪಲಿ ನೋಡುತ್ತ ಕೂತಿದ್ದ. ‘ಸುಮ್ನ ಚಾಷ್ಟಿ ಮಾಡಿದೆ’ ಎಂದ. ‘ಚಾಷ್ಟಿ ಇರ್ಲಿ. ಎರಡ ಮಾತು ಹೇಳಿ ಮುಗಸ್ರಿ. ಉಳದ ಹತ್ತ ಮಿಲ್ಲಿನವ್ರು ಕೇಳಾಕತ್ತಾರ, ನಿಮ್ಮ ಡಬ್ಬಿ ಗಟ್ಟಿ ಐತೋ ಇಲ್ಲೋ ಅಂತ’ ಎಂದರು ಗೌಡರು.

ಅಧಿಕಾರಿ ಮೆಹಜಬೀನ ಮೇಡಂ ಕನ್ನಡಕ ಏರಿಸಿ ಅವನ ವರದಿಯನ್ನು ಎರಡು ಸಲ ಓದಿದರು. ಅವಸರದ ಹೆಣ್ಣಲ್ಲ. ‘ದೀಪ ಹಸಿರಾಗಲೇ ಇಲ್ಲ ಅಂತ ಈತ ಹೇಳ್ತಾನೆ. ನೀವು ದೋಷ ಇಲ್ಲ ಅಂತೀರಿ. ಇಬ್ಬರೂ ಸರಿ ಇರೋದು ಹೇಗೆ?’ ಎಂದು ಕೇಳಿದರು. ಇಂಥ ಪ್ರಶ್ನೆಯನ್ನು ಅವನ ಯಂತ್ರದ ಬಗ್ಗೆ ಈವರೆಗೆ ಯಾರೂ ಇಷ್ಟು ಚೆನ್ನಾಗಿ ಕೇಳಿರಲಿಲ್ಲ. ಒಂದು ಗಳಿಗೆ ಅವನಿಗೆ ಎಲ್ಲವನ್ನೂ ವಿವರಿಸುವ ಆಸೆಯಾಯಿತು, ಹಲಗೆಯೊಂದಿದ್ದರೆ ಚಿತ್ರ ಬರೆದು ತೋರಿಸುವಷ್ಟು. ಹೇಳಿದರೆ ವಿರುಪಣ್ಣನಿಗೆ ಹೆಸರು ವಾಪಸು ಸಿಗುತ್ತದೆ. ಹೇಳಿದರೆ ನಾಳೆ ಡಬ್ಬಿ ಗೋಡೆಯಿಂದ ಇಳಿಯುತ್ತದೆ, ಹನ್ನೊಂದು ವರ್ಷ ಇಳಿಯುತ್ತದೆ, ಹಾಲಿನವನಿಗೂ ಸುದ್ದಿ ಮುಟ್ಟುತ್ತದೆ. ‘ನಾನು ಪರೀಕ್ಷೆ ಮಾಡಿದಾಗ ದೋಷ ಕಂಡಿಲ್ಲ ಮೇಡಂ’ ಎಂದ. ಆ ಮಾತು ಸುಳ್ಳಲ್ಲ ಎಂದು ಒಳಗೊಳಗೇ ಅದನ್ನು ತಬ್ಬಿಕೊಂಡ. ಮೇಡಂ ಬಿಡಲಿಲ್ಲ. ‘ಆಮೇಲೆ? ಇವತ್ತಿನವರೆಗೂ?’ ಫ್ಯಾನು ತಿರುಗುತ್ತಿತ್ತು. ‘ಇಲ್ಲ ಮೇಡಂ’ ಎಂದ. ಎರಡೇ ಶಬ್ದ, ಕೆಮ್ಮಿದಷ್ಟು ಸಲೀಸಾಗಿ ಬಂತು. ಮೇಡಂ ಬರೆದುಕೊಂಡರು. ‘ನೀನೇನಾದರೂ ಹೇಳೋದಿದೆಯೇನಪ್ಪ?’ ಎಂದು ವಿರುಪಣ್ಣನನ್ನು ಕೇಳಿದರು. ಅವನು ಒಮ್ಮೆ ಮಾಂತೇಶನ ಮುಖ ನೋಡಿದ. ಅವತ್ತಿನ ಅಮವಾಸ್ಯೆಯ ಮಾತು ಅವನ ಬಾಯಿಗೆ ಬಂದಿತ್ತು, ನುಂಗಿಕೊಂಡ. ಒಮ್ಮೆ ನಗಿಸಿಕೊಂಡದ್ದು ಸಾಕಾಗಿತ್ತು. ‘ಇಲ್ರಿ’ ಎಂದ. ಮೊದಲು ನೆಟ್ಟಗೆ ಸಹಿ ಮಾಡುತ್ತಿದ್ದ ಮನುಷ್ಯ ಎಡಗೈಯ ಹೆಬ್ಬೆಟ್ಟು ಒತ್ತಿದ.

ಹೊರಗೆ ಬಂದು ಗೇಟಿನ ಕಡೆ ಬೇಗಬೇಗ ನಡೆಯುತ್ತಿದ್ದಾಗ ಹಿಂದಿನಿಂದ ‘ಸರ, ಸರ’ ಎಂದು ಕರೆ ಬಂತು. ಬೈಯಲಿ ಎಂದುಕೊಂಡ ಮಾಂತೇಶ. ಕಾಲಿನದು ಬಿಚ್ಚಲಿ, ನಾಲ್ಕು ಮಂದಿಯ ಮುಂದೆ ಮುಖಕ್ಕೆ ಉಗುಳಲಿ, ಆವಾಗಲಾದರೂ ತನ್ನ ಬಾಯಿಂದ ನಿಜ ಬಿದ್ದೀತು. ವಿರುಪಣ್ಣ ಏದುಸಿರು ಬಿಡುತ್ತ ಎದುರಿಗೆ ಬಂದು ನಿಂತ.

‘ಸಿಟ್ಟಾಗಬ್ಯಾಡ್ರಿ ಸರ. ನೀವು ಹತ್ತ ಸಲ ನೋಡೀರಿ. ನೀವು ಹೇಳಿದ್ರಿ ಅಂದಮ್ಯಾಲ ಖರೇನ ಇರಬೇಕದು. ನಾನ ಎಲ್ಲೋ ತಪ್ಪೀನಿ’ ಎಂದ. ‘ಕಾರಟಗಿ ಕಡೆ ಒಬ್ರು ಬಾ ಅಂದಾರ್ರಿ. ಎಡಗೈಲೆ ಮಾಡ್ತೀನಿ ಅಂದೀನಿ. ಅಲ್ಲಿ ಬ್ಯಾರೆ ಕಂಪನೀದು ಡಬ್ಬಿ ಐತಂತ, ಅದಕ್ಕೂ ದೀಪ ಐತಂತ. ಅಲ್ಲೆರ ಮತ್ತ ತಪ್ಪಬಾರದಲ್ರಿ. ಎಲ್ಲಿ ತಪ್ಪಿದೆ ಅಂತ ಒಂದ ಸಲ ತಿಳಿಸಿ ಹೇಳ್ರಿ.’

ಮಾಂತೇಶ ಅವನ ಮುಖ ನೋಡಿದ. ವ್ಯಂಗ್ಯವೇನಾದರೂ ಇದೆಯೇ ಎಂದು ಹುಡುಕಿದ. ಇರಲಿಲ್ಲ. ಪಾಠ ಹೇಳಿಸಿಕೊಳ್ಳಲು ನಿಂತವನ ಮುಖ ಅದು. ಒಳಗೆ ಮೇಡಂ ಬರೆದದ್ದರ ಮಸಿ ಇನ್ನೂ ಆರಿರಲಿಲ್ಲ, ತಿರುಗಿ ಹೋಗಲು ಇಪ್ಪತ್ತು ಹೆಜ್ಜೆ. ಗೌಡರು ಕಾರಿನ ಕಿಟಕಿಯಿಂದ ಇವನನ್ನೇ ನೋಡುತ್ತಿದ್ದರು.

‘ಕಾಯಬೇಕಿತ್ತು, ವಿರುಪಣ್ಣ’ ಎಂದ. ತನ್ನ ದನಿ ಮೇಷ್ಟ್ರ ದನಿಯಾಗಿದ್ದು ಅವನಿಗೇ ಕೇಳಿಸಿತು. ‘ದೀಪ ಹಸರ ಆಗೂತನಾ ಕಾಯಬೇಕು. ಕೈ ವಾಲ್ವಿಗೆ ಹೋಗಬಾರದು.’

‘ನೆಲ್ಲು ಬೆಂದಿದ್ದ ವಾಸನಿ ಬಂದ್ರೂ?’

‘ಬಂದ್ರೂ.’

‘ಟ್ಯಾಂಕು ನರಳಾಕ ಹತ್ತಿತ್ರಿ ಸರ, ಅವತ್ತ. ಕೆಳಗ ಹೆಣ್ಮಕ್ಕಳಿದ್ರು.’

‘ನರಳಿದ್ರೂ ಕಾಯಬೇಕು. ಮಶೀನಿಗೆ ಗೊತ್ತಿರ್ತೈತಿ.’

ವಿರುಪಣ್ಣ ನಿಧಾನವಾಗಿ ತಲೆಯಾಡಿಸಿದ. ಹದಿನೆಂಟು ವರ್ಷ ಮೂಗಿನಲ್ಲಿಟ್ಟುಕೊಂಡಿದ್ದನ್ನು ಎತ್ತಿ ಹೊರಗೆ ಇಡುತ್ತಿದ್ದವನ ಹಾಗೆ ಎಡಗೈಯಿಂದ ಮೂಗು ಒರೆಸಿಕೊಂಡ. ಅಷ್ಟರಲ್ಲಿ ಅಮರಮ್ಮ ಬಂದು ‘ಏನಂದ್ರು?’ ಎಂದು ಕೇಳಿದಳು. ‘ಕಾಯಬೇಕಂತ. ಏನ ಆದ್ರೂ ಹಸರ ದೀಪ ಬರೂತನಾ ಕೈ ಹಚ್ಚಬಾರದಂತ’ ಎಂದು ಅವನು ಒಂದೊಂದೇ ಮಾತು ಬಿಡಿಸಿ ಹೇಳಿದ, ತಾನು ಮರೆತರೆ ಅವಳು ನೆನಪಿಡಲಿ ಎಂದು. ಅವಳು ಮಾಂತೇಶನ ಕಡೆ ತಿರುಗಿ ಸೆರಗು ಸರಿಮಾಡಿಕೊಂಡು ಕೈ ಮುಗಿದಳು. ‘ನಿಮಗ ದೇವರು ಛಲೋದು ಮಾಡ್ಲಿ ಸರ. ಇಷ್ಟ ದಿನ ಯಾರೂ ಹಿಂಗ ತಿಳಿಸಿ ಹೇಳಿದ್ದಿಲ್ಲ. ಇನ್ನ ಮ್ಯಾಲ ಅವ್ರು ಹಂಗ ಮಾಡ್ತಾರ್ರಿ, ನಾನೂ ದಿನಾ ನೆನಪು ಮಾಡಿ ಕಳಸ್ತೀನಿ.’

‘ಇರ್ಲಿ ಬಿಡ್ರಿ’ ಎಂದ ಮಾಂತೇಶ. ಗಂಗಾವತಿಯ ಬಸ್ಸು ಬಂತು, ಅವಳು ಗಂಡನ ಎಡಗೈ ಹಿಡಿದು ಹತ್ತಿಸಿದಳು.